ಚನ್ನಮ್ಮ ಕಲಿತ ಹೆಸರುಗಳು

ಅಮೆರಿಕದ ಕ್ಯಾರಿ ಎಂಬ ಊರಿನ ಕನ್ನಡದ ಮನೆಗಳಲ್ಲಿ ಚನ್ನಮ್ಮ ಎಂದರೆ ಪ್ರಶ್ನೆ. ರೊಟ್ಟಿ ಅಷ್ಟಕ್ಕಷ್ಟೇ, ಅಂಚು ಸೀಳಿಬಿಡುತ್ತದೆ. ಹಾಡು ಕೇಳುವ ಹಾಗಿಲ್ಲ. ಆದರೆ ಪ್ರಶ್ನೆ ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ನಲ್ಲಿ ರಿಪೇರಿಗೆ ಬಂದವನನ್ನು ಕೂರಿಸಿ, ಟೀ ಕೊಟ್ಟು, ಅವನ ಕೈಯ ಉಪಕರಣಕ್ಕೆ ಆ ಹೆಸರು ಯಾಕೆ ಬಂತು ಎಂದು ಕೇಳುತ್ತಾರೆ. ಅವನಿಗೂ ಗೊತ್ತಿರುವುದಿಲ್ಲ, ಫೋನ್ ತೆಗೆದು ಹುಡುಕುತ್ತಾನೆ, ನಲ್ಲಿ ಸೋರುತ್ತಲೇ ಇರುತ್ತದೆ. ಚನ್ನಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಹೆಸರು ಅಂಟಿಸದ ಟ್ಯೂಬನ್ನು ಯಾರೂ ಮುಟ್ಟುವುದಿಲ್ಲ. ಆ ಅಭ್ಯಾಸವೇ ಮನೆಗೂ ಬಂದಿರಬೇಕು. ಅವರ ಯಜಮಾನರು ಶಿವಶರಣಪ್ಪ, ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಮಂಪರು ಕೊಟ್ಟು ಮಲಗಿಸುತ್ತಿದ್ದ ಡಾಕ್ಟರು. ಯಾರಾದರೂ ಕೇಳಿದರೆ ಅವರದು ಒಂದೇ ಮಾತು: "ನಾ ಮಲಗಸ್ತಿದ್ದೆ, ಈಕಿ ಪ್ರಶ್ನೆ ಕೇಳಿ ಎಬ್ಬಸ್ತಿದ್ಲು."

ಇಬ್ಬರೂ ವಿಜಯಪುರದ ಕಡೆಯವರು. ಅಮೆರಿಕಕ್ಕೆ ಬಂದು ಎಷ್ಟೋ ವರ್ಷವಾದರೂ ಮಾತು ಮಾತ್ರ ಅಲ್ಲಿಯದೇ.

ಇವರ ಒಬ್ಬಳೇ ಮಗಳು ಸ್ಮಿತಾ. ಅವಳ ಗಂಡ ಎಮ್ರಿಸ್. ಹೆಸರು ಹೇಳಲು ನಾಲಿಗೆ ಒಂದಿಷ್ಟು ಹೊರಳಬೇಕು, ಹುಡುಗ ಮಾತ್ರ ಚಿನ್ನ; ಅತ್ತೆಯ ಸೀಳಿದ ರೊಟ್ಟಿಯನ್ನು ಹೊಗಳಿ ತಿನ್ನುವ ಅಳಿಯ ಎಷ್ಟು ಜನಕ್ಕೆ ಸಿಗುತ್ತಾನೆ? ಅವನ ಅಪ್ಪ ಸ್ವೀಡನ್ನಿನವರು, ಅಮ್ಮ ವೇಲ್ಸಿನವರು. ಇಬ್ಬರೂ ಈಗಿಲ್ಲ. ಇರುವುದು ಒಬ್ಬಳೇ ಅಕ್ಕ, ಕರಿನ್. ಸ್ವೀಡನ್ನಿನ ಉತ್ತರದಲ್ಲಿ, ಹೊರದೇಶದಿಂದ ಹೊಸದಾಗಿ ಬಂದವರಿಗೆ ಸ್ವೀಡಿಷ್ ಕಲಿಸುವ ಟೀಚರ್. ಅಕ್ಕತಮ್ಮಂದಿರು ಬೆಳೆದ ಮನೆಯಲ್ಲಿ ಅಡುಗೆಮನೆಯ ಭಾಷೆ ವೆಲ್ಷ್, ಬಾಗಿಲು ದಾಟಿದರೆ ಸ್ವೀಡಿಷ್.

ಕೋವಿಡ್ಡಿನ ಗಲಾಟೆಯೆಲ್ಲ ತಣ್ಣಗಾದ ಮೇಲೆ, ಎರಡು ಸಾವಿರದ ಇಪ್ಪತ್ತಮೂರರ ಚಳಿಗಾಲದ ಕೊನೆಗೆ, ಸ್ಮಿತಾಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ಕೈಗೆ ತೆಗೆದುಕೊಂಡ ಕ್ಷಣದಲ್ಲೇ ಚನ್ನಮ್ಮನ ಮನಸ್ಸಿನಲ್ಲಿ ಒಂದು ಹೆಸರು ಬಂದು ಕುಳಿತಿತು: ನೀಲವ್ವ. ಅವರ ತಾಯಿಯ ಹೆಸರು. ಆ ಹೆಸರನ್ನು ಕೂಗಿ ಕರೆಯುವವರು ಈಗ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಮೊಮ್ಮಗಳಿಗೆ ಇಟ್ಟರೆ ದಿನಕ್ಕೆ ನೂರು ಸಲ ಕೂಗಬಹುದಲ್ಲ ಎಂಬ ಆಸೆ.

ಇದಕ್ಕೆ ಅಡ್ಡ ಬಂದದ್ದು ಅವರದೇ ಮಾತು. ಹೆಸರಿನ ವಿಷಯ ಎತ್ತುತ್ತಿದ್ದಂತೆ ಸ್ಮಿತಾ ಹೇಳಿದಳು.

"ಅಮ್ಮಾ, ನೀನೇ ಅಲ್ವಾ ಚಿಕ್ಕಂದಿನಿಂದ ಹೇಳ್ತಿದ್ದದ್ದು, ಹೆಸರಿಡೋದು ಸೋದರತ್ತೆ ರೈಟ್ ಅಂತ? ನಾವು ಡಿಸೈಡ್ ಮಾಡಿದೀವಿ. ಕರಿನ್ ಬರ್ತಾಳೆ, ತೊಟ್ಟಿಲ ಶಾಸ್ತ್ರ ಮಾಡೋಣ, ಅವಳು ಕಿವೀಲಿ ಏನು ಹೇಳ್ತಾಳೋ ಅದೇ ಹೆಸರು. ಒಂದೇ ಹೆಸರು. ಮನೆಗೊಂದು, ಸ್ಕೂಲಿಗೊಂದು, ಅಜ್ಜಿಗೊಂದು ಅಂತೆಲ್ಲ ಇಲ್ಲ."

"ಆಕಿ ಏನರ ಬಾಯಾಗ ತಿರುಗದ್ದು ಇಟ್ರ?"

"ಪ್ರಾಕ್ಟೀಸ್ ಮಾಡು."

ಶಿವಶರಣಪ್ಪ ಪತ್ರಿಕೆಯ ಹಿಂದೆ ನಕ್ಕದ್ದು ಕೇಳಿಸಿತು. ಚನ್ನಮ್ಮನಿಗೆ ಅದು ನಗುವ ಮಾತಾಗಿ ಕಾಣಲಿಲ್ಲ. ತಮ್ಮ ಮೊಮ್ಮಗಳನ್ನು ತಾವೇ ಬಾಯಿತುಂಬ ಕರೆಯಲಾಗದಿದ್ದರೆ ಅಜ್ಜಿ ಎನ್ನಿಸಿಕೊಂಡು ಏನು ಬಂತು? ಆದರೆ ಪದ್ಧತಿ ಪದ್ಧತಿಯೇ, ಹಕ್ಕು ಕರಿನ್‌ಳದ್ದೇ. ಉಳಿದದ್ದು ಒಂದು ದಾರಿ: ಕರಿನ್‌ಗೆ ಫೋನ್ ಮಾಡಿ ಮಾತಿನ ನಡುವೆ ಮೆಲ್ಲಗೆ ನೀಲವ್ವನನ್ನು ಅವಳ ಕಿವಿಗೆ ಹಾಕುವುದು.

ಹಾಗೆ ಶುರುವಾಯಿತು ವಿಡಿಯೋ ಕಾಲು. ಇಲ್ಲಿ ಬೆಳಗಿನ ಚಹಾ, ಅಲ್ಲಿ ಕರಿನ್ ಶಾಲೆ ಮುಗಿಸಿ ಬಂದು ಕಾಲಿನ ಬೂಟು ಕಳಚುವ ಹೊತ್ತು. ಇಬ್ಬರಿಗೂ ಇಂಗ್ಲಿಷ್ ಎರವಲು ಭಾಷೆ, ಆದ್ದರಿಂದ ಯಾರೂ ಯಾರ ತಪ್ಪನ್ನೂ ಹಿಡಿಯುತ್ತಿರಲಿಲ್ಲ. ಮೊದಲ ದಿನ ಚನ್ನಮ್ಮ ಪೀಠಿಕೆ ಹಾಕಿದರು. ನೀನು ಮಗುವಿನ ಆಂಟಿ. ಆಂಟಿ ಅಂದರೆ ಬರೀ ಆಂಟಿ ಅಲ್ಲ. ನಾನು ಹೇಳುವ ಆಂಟಿ ತಾಯಿಯ ತಂಗಿ ಅಲ್ಲ, ಮಾವನ ಹೆಂಡತಿ ಅಲ್ಲ, ಪಕ್ಕದ ಮನೆಯವಳಂತೂ ಅಲ್ಲ...

"ಓ! ಫಸ್ತರ್!" ಎಂದಳು ಕರಿನ್.

"ಏನದು?"

"ನಮ್ಮಲ್ಲಿ ಅಪ್ಪನ ಅಕ್ಕತಂಗಿಗೆ ಫಸ್ತರ್. ಅಮ್ಮನ ಅಕ್ಕತಂಗಿಗೆ ಮುಸ್ತರ್. ಇಂಗ್ಲಿಷ್‌ನೋರು ಎಲ್ಲಾನೂ ಒಂದೇ ಡಬ್ಬಕ್ಕೆ ಹಾಕಿಬಿಡ್ತಾರೆ."

ಚನ್ನಮ್ಮನ ಚಹಾ ಕೈಯಲ್ಲೇ ನಿಂತಿತು. ಅಷ್ಟು ವರ್ಷ ಈ ದೇಶದಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರನ್ನೂ ಆಂಟಿ ಎಂಬ ಒಂದೇ ಚೀಲಕ್ಕೆ ತುಂಬಿ ಹೇಳಿ ಬೇಸತ್ತಿದ್ದರು. ಹಿಮದ ನಾಡಿನಲ್ಲಿ ಯಾರೋ ಸೋದರತ್ತೆಗೆ ಬೇರೆ ಹೆಸರಿಟ್ಟಿದ್ದಾರೆ! ಎಲ್ಲಿಂದ ಬಂತು ಅದು? ಅಪ್ಪ ಎನ್ನುವ ಪದ, ಅಕ್ಕತಂಗಿ ಎನ್ನುವ ಪದ, ಎರಡೂ ಸೇರಿ ಸವೆದು ಸವೆದು ಗಿಡ್ಡವಾದದ್ದಂತೆ. ಅಜ್ಜಿಗೆ? ಅಪ್ಪನ ಅಮ್ಮ ಫಾರ್ಮುರ್, ಅಮ್ಮನ ಅಮ್ಮ ಮುರ್ಮುರ್.

"ಅಂದ್ರ ನಾ ಮುರ್ಮುರ್?"

"ನೀವು ಮುರ್ಮುರ್."

"ಚುರಮುರಿ ಇದ್ದಂಗ ಅದಲ್ಲ!" ಎಂದರು ಶಿವಶರಣಪ್ಪ ಹಿಂದಿನಿಂದ. ಫೋನ್ ಇಟ್ಟ ಮೇಲೆ ಚನ್ನಮ್ಮನಿಗೆ ನೆನಪಾಯಿತು, ನೀಲವ್ವನ ವಿಷಯ ಎತ್ತಲೇ ಇಲ್ಲ.

ಮರುದಿನ ಎತ್ತೋಣ ಎಂದುಕೊಂಡರು. ಮರುದಿನ ಕರಿನ್ ಕುಳಿತಿದ್ದ ಕುರ್ಚಿ ಕಿರುಗುಟ್ಟಿತು, ಅದನ್ನು ನಿಮ್ಮಲ್ಲಿ ಏನಂತೀರಿ ಎಂದು ಕೇಳಿಬಿಟ್ಟರು. ಅಲ್ಲಿಗೆ ಆ ದಿನವೂ ಹೋಯಿತು. ಕುರ್ಚಿ ಸ್ಟೂಲ್. ಆ ಕುರ್ಚಿ, ಗೊತ್ತಿರುವ ಕುರ್ಚಿ ಎನ್ನಬೇಕಾದರೆ ಸ್ಟೂಲೆನ್. ಇಂಗ್ಲಿಷಿನವರು ಮುಂದೆ ಇಡುವ ಪುಟ್ಟ ಪದವನ್ನು ಸ್ವೀಡಿಷಿನವರು ಹಿಂದೆ ಅಂಟಿಸುತ್ತಾರೆ. ಮೇಜು ಬೂರ್ಡ್, ಆ ಮೇಜು ಬೂರ್ಡೆಟ್.

"ಕುರ್ಚಿಗೆ ಎನ್, ಮೇಜಿಗೆ ಎಟ್. ಯಾಕ?"

"ಎರಡು ಗುಂಪು. ಯಾವುದು ಯಾವ ಗುಂಪು ಅಂತ ಬಾಯಿಪಾಠ ಮಾಡ್ಬೇಕು."

"ಕಾರಣ ಬೇಕಲ್ಲ?"

"ನನ್ನ ಸ್ಟೂಡೆಂಟ್ಸೂ ಇದನ್ನೇ ಕೇಳಿ ಅಳ್ತಾರೆ. ಹಿಂದೆ ಮೂರು ಗುಂಪಿತ್ತು, ಗಂಡು, ಹೆಣ್ಣು, ಎರಡೂ ಅಲ್ಲದ್ದು. ಆಮೇಲೆ ಗಂಡೂ ಹೆಣ್ಣೂ ಒಂದಾಗಿ ಹೋದ್ವು. ಮೂರನೇದು ಹಾಗೇ ಉಳೀತು. ಮಗು ಈಗಲೂ ಆ ಮೂರನೇ ಗುಂಪಿನಲ್ಲೇ ಇದೆ. ಬಾರ್ನ್, ಬಾರ್ನೆಟ್."

"ಮಗು? ಎರಡೂ ಅಲ್ಲದ್ದರಾಗ?" ಚನ್ನಮ್ಮ ಎದ್ದು ನಿಂತರು. "ರೀ, ಕೇಳಿದಿರೇನ್ರೀ? ನಾವೂ ಮಗು ಅಳತದ ಅಂತೀವಿ, ಅಳತಾಳ ಅನ್ನೂದಿಲ್ಲ. ಇವರಲ್ಲೂ ಮಗು ಅದು!"

"ಅಲ್ಲಿ ಮಕ್ಕಳೂ ಅಳತಾವ ಅಂತ ಆತು," ಎಂದರು ಶಿವಶರಣಪ್ಪ.

ಇನ್ನೊಂದು ದಿನ ಮನೆಗೆ ಏನೆನ್ನುತ್ತೀರಿ ಎಂದು ಕೇಳಿ, ಕರಿನ್ "ಹೂಸ್" ಎಂದದ್ದೇ ತಡ, ಚನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕುಸಿದರು. ಪಾಪ, ಆ ಹುಡುಗಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅರ್ಥ ಹೇಳಿದ ಮೇಲೆ ಅವಳೂ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. "ನಾನಿನ್ನು ನನ್ನ ದೊಡ್ಡ ಮನೆ ಅಂತ ಯಾರ ಹತ್ತಿರಾನೂ ಹೇಳ್ಕೊಳ್ಳಲ್ಲ," ಎಂದಳು. ಅಂದಿನಿಂದ ಇಬ್ಬರ ನಡುವೆ ಸಲಿಗೆ ಬಂತು. ನೀಲವ್ವ ಮಾತ್ರ ಅಂದೂ ಬರಲಿಲ್ಲ.

ವೆಲ್ಷ್ ಶುರುವಾದ ಮೇಲಂತೂ ಚನ್ನಮ್ಮನಿಗೆ ಹಗಲೆಲ್ಲ ಅದೇ ಧ್ಯಾನ. ಸತ್ತ ತಾಯಿಯ ಭಾಷೆಯಲ್ಲವೇ, ಕರಿನ್ ಅದನ್ನು ಹೇಳುವಾಗ ಟೀಚರಿನ ಧ್ವನಿ ಬಿಟ್ಟು ಮಗಳ ಧ್ವನಿಗೆ ಇಳಿಯುತ್ತಿದ್ದಳು. ವೆಲ್ಷಿನಲ್ಲಿ 'ಅದು' ಎನ್ನುವ ಗುಂಪೇ ಇಲ್ಲ. ಸೇತುವೆ, ರೊಟ್ಟಿ, ಕಲ್ಲು ಎಲ್ಲವೂ ಅವನು ಇಲ್ಲವೇ ಅವಳು. ಅವಳಾದರೆ, ಮುಂದೆ 'ಆ' ಎಂಬ ಪದ ಬಂದಾಗ ತಲೆಯೇ, ಅಂದರೆ ಮೊದಲ ಅಕ್ಷರವೇ, ಬದಲಾಗುತ್ತದೆ. ಬೆಕ್ಕು ಕಾಥ್, ಆ ಬೆಕ್ಕು ಗಾಥ್. ಸೇತುವೆ ಪಾಂಟ್, ಆ ಸೇತುವೆ ಬಾಂಟ್. ರೊಟ್ಟಿ ಟಾರ್ಥ್, ಆ ರೊಟ್ಟಿ ಡಾರ್ಥ್.

ಒಂದು ಮಧ್ಯಾಹ್ನ ಕಂಬಳಿಯಲ್ಲಿ ಹೂವಿನಂತೆ ಮಲಗಿದ್ದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಚನ್ನಮ್ಮ ಒಬ್ಬರೇ ಗುನುಗಿದರು. ಕ ಹೋಗಿ ಗ. ಪ ಹೋಗಿ ಬ. ಟ ಹೋಗಿ ಡ. ಇದನ್ನು ಎಲ್ಲಿ ಕೇಳಿದ್ದೇನೆ? ಮಳೆ, ಕಾಲ, ಮಳೆಗಾಲ. ಹೂ, ತೋಟ, ಹೂದೋಟ. ಕಣ್ಣು, ಪನಿ, ಕಂಬನಿ. ಶಾಲೆಯಲ್ಲಿ ಸಂಧಿ ಎಂದು ಬೈಸಿಕೊಂಡು ಕಲಿತದ್ದು! ನಮ್ಮಲ್ಲಿ ಎರಡು ಪದ ಕೂಡಿದಾಗ, ಅವರಲ್ಲಿ ಬೇರೆ ಕಾರಣಕ್ಕೆ, ಅಷ್ಟೇ ವ್ಯತ್ಯಾಸ. ಎರಡು ಭಾಷೆಗಳು ಒಂದನ್ನೊಂದು ನೋಡಿಯೇ ಇಲ್ಲ. ಹಾಗಿದ್ದೂ ಬಾಯಿ ಎಲ್ಲ ಕಡೆಯೂ ಬಾಯಿಯೇ, ಮೆತ್ತಗಾಗುವುದು ಒಂದೇ ರೀತಿ.

ಆಮೇಲೆ ಒಂದು ಭಯ ಬಂತು. ಹಾಗಾದರೆ ಕೂಸಿನ ಹೆಸರಿಗೂ ಅವರು ತಲೆ ಬದಲಾಯಿಸಿಬಿಟ್ಟರೆ? ಫೋನಿನಲ್ಲಿ ಕೇಳಿಯೇ ಬಿಟ್ಟರು. ಕರಿನ್ ಸಮಾಧಾನ ಹೇಳಿದಳು. ಊರಿನ ಹೆಸರು ಬದಲಾಗುತ್ತದೆ, ವಸ್ತುವಿನ ಹೆಸರು ಬದಲಾಗುತ್ತದೆ, ಮನುಷ್ಯರ ಹೆಸರನ್ನು ಈಗ ಯಾರೂ ಮುಟ್ಟುವುದಿಲ್ಲ. "ಅಮ್ಮ ಹೇಳ್ತಿದ್ದಳು, ಜನರನ್ನ ಹಾಗೇ ಬಿಡ್ಬೇಕು ಅಂತ." ಹೆಸರಿನ ಮಾತು ಬಾಗಿಲಿಗೇ ಬಂದು ನಿಂತಿತ್ತು. ಈಗ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಕರಿನ್, ಮಕ್ಕಳಿಗೆ ವೆಲ್ಷಿನಲ್ಲಿ ಪ್ಲಾಂಟ್ ಎನ್ನುತ್ತಾರೆ, ಒಂದು ಮಗುವಿಗೆ ಪ್ಲೆಂಟಿನ್ ಎಂದಳು. ಗುಂಪಿನ ಹೆಸರು ಮೊದಲು, ಅದರಿಂದ ಒಂದನ್ನು ಹೆಕ್ಕಬೇಕಾದರೆ ಬಾಲ. ಹಕ್ಕಿಗಳು ಅಡಾರ್, ಒಂದೇ ಹಕ್ಕಿ ಅಡೆರಿನ್.

"ಅಕ್ಕಿ ಇದ್ದಂಗ!" ಎಂದರು ಚನ್ನಮ್ಮ. "ಅಕ್ಕಿ ಅಂದ್ರ ರಾಶಿ. ಒಂದು ಬೇಕಂದ್ರ ಅಕ್ಕಿ ಕಾಳು. ಅವ್ರು ಮಕ್ಕಳ್ನೂ ರಾಶಿ ಮಾಡ್ಯಾರ." ಅಲ್ಲಿಗೆ ಮುಗಿಯಿತು.

ಕಿಟಕಿಯ ಕಥೆಯೊಂದನ್ನು ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಕಿಟಕಿಗೆ ಸ್ವೀಡಿಷಿನಲ್ಲಿ ಫೊನ್‌ಸ್ಟರ್, ವೆಲ್ಷಿನಲ್ಲಿ ಫೆನೆಸ್ಟರ್. ಅಕ್ಕತಂಗಿಯರ ಹಾಗೆ ಕಂಡರೂ ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದದ್ದು. ವೇಲ್ಸಿಗೆ ರೋಮಿನ ಸೈನ್ಯದವರು ಲ್ಯಾಟಿನ್ ಪದವನ್ನು ತಂದರು; ಸ್ವೀಡನ್ನಿಗೆ ಜರ್ಮನಿಯ ಕಡೆಯ ವ್ಯಾಪಾರಿಗಳು ಅದನ್ನೇ ಬಹಳ ಕಾಲದ ಮೇಲೆ ತಂದರು. ಸ್ವೀಡನ್ನಿನ ಹಳೆಯ ಪದ ಬೇರೆಯೇ ಇತ್ತು, ಗಾಳಿಗಣ್ಣು ಎಂಬ ಅರ್ಥದ್ದು. ಆ ಕಡೆಯ ನಾವಿಕರೇ ಅದನ್ನು ಇಂಗ್ಲೆಂಡಿಗೆ ಒಯ್ದರು, ಅಲ್ಲಿ ಅದು ವಿಂಡೋ ಆಯಿತು. ಸ್ವೀಡನ್ನಿನ ಮನೆಗಳಲ್ಲಿ ಮಾತ್ರ ಉಳಿಯಲಿಲ್ಲ.

"ನಮ್ಮಲ್ಲೂ ಗವಾಕ್ಷಿ ಅಂತ ಅದ," ಎಂದರು ಚನ್ನಮ್ಮ. "ಸಂಸ್ಕೃತದ್ದು. ಆಕಳ ಕಣ್ಣು ಅಂತ ಅರ್ಥ."

"ಆಕಳ ಕಣ್ಣು?"

"ಹೂಂ. ನಿಮ್ಮದು ಗಾಳಿ ಕಣ್ಣು, ನಮ್ಮದು ಆಕಳ ಕಣ್ಣು. ಈಗ ಖಿಡಕಿ ಅಂತೀವಿ, ಅದೂ ನಮ್ಮದಲ್ಲ."

ಇಬ್ಬರೂ ತಿರುಗಿ ತಮ್ಮ ತಮ್ಮ ಕಿಟಕಿಯನ್ನು ನೋಡಿದರು. ಹೀಗೆ ದಿನ ಕಳೆದವು. ನಡುನಡುವೆ ಚನ್ನಮ್ಮ ಶಾಸ್ತ್ರದ ವಿವರವನ್ನೂ ಹೇಳಿಕೊಟ್ಟರು. ತೊಟ್ಟಿಲ ಮೇಲೆ ಬಗ್ಗಬೇಕು, ಕೂಸಿನ ಕಿವಿಯಲ್ಲಿ 'ಕುರ್ರ್' ಎನ್ನಬೇಕು, ಆಮೇಲೆ ಹೆಸರು. ಹೆಸರನ್ನು ಮೊದಲು ಕೇಳಬೇಕಾದದ್ದು ಕೂಸಿನ ಕಿವಿ; ಅದಕ್ಕೆ ಮುಂಚೆ ಯಾರಿಗೂ, ಹುಟ್ಟಿಸಿದವರಿಗೂ ಹೇಳಬಾರದು. ಕರಿನ್ ಒಳ್ಳೆಯ ವಿದ್ಯಾರ್ಥಿನಿ, 'ಕುರ್ರ್' ಎನ್ನುವುದನ್ನು ಬೆಕ್ಕಿನ ಮೇಲೆ ಅಭ್ಯಾಸ ಮಾಡಿಕೊಂಡಳು.

ಏಪ್ರಿಲ್ಲಿನಲ್ಲಿ ಕರಿನ್ ಬಂದಳು. ಕ್ಯಾರಿಯಲ್ಲಿ ಆಗ ಪೈನ್ ಮರಗಳ ಹಳದಿ ಪರಾಗದ ಧೂಳಿನ ಕಾಲ. ಕಾರು, ಹಿತ್ತಿಲ ಕಡೆಯ ಮರದ ಡೆಕ್ಕು, ಮೇಲ್‌ಬಾಕ್ಸು ಎಲ್ಲಕ್ಕೂ ಯಾರೋ ಅರಿಸಿನ ಹಚ್ಚಿದ ಹಾಗೆ. ತೊಟ್ಟಿಲು ಪಕ್ಕದ ಊರು ಮಾರಿಸ್‌ವಿಲ್ಲಿನಲ್ಲಿದ್ದ ಗೆಳತಿ ರೇಣುಕಾದೇವಿಯ ಮನೆಯಿಂದ ಬಂತು. ಆ ತೊಟ್ಟಿಲಿಗೆ ಬಿಡುವೇ ಇಲ್ಲ. ಬಾಗಲಕೋಟೆಯಿಂದ ಬಿಚ್ಚಿ ತಂದ ಮರದ ತೊಟ್ಟಿಲು, ಸುತ್ತಮುತ್ತ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮಿನಿವ್ಯಾನಿನ ಸೀಟು ಮಡಚಿ ಹೊರಡುತ್ತದೆ. ಪದ್ಧತಿಯಂತೆ ಕೂಸಿನ ಜೊತೆ ಮಲಗಿಸಲು ಗುಂಡುಕಲ್ಲು ಬೇಕಲ್ಲ, ವೆಟ್ ಗ್ರೈಂಡರಿನ ಕಲ್ಲನ್ನೇ ತೊಳೆದು ಬಟ್ಟೆ ಸುತ್ತಿದರು. ಅಡುಗೆಮನೆಯಲ್ಲಿ ಬಂದವರಿಗೆ ಹಂಚಲು ಕಾಳಿನ ಗುಗ್ಗರಿ ಕುದಿಯುತ್ತಿತ್ತು.

ಕರಿನ್ ಇಳಕಲ್ ಸೀರೆ ಉಟ್ಟು, ಎತ್ತರದ ಮೈ ಬಗ್ಗಿಸಿ, ತೊಟ್ಟಿಲ ಹತ್ತಿರ ನಿಂತಳು. ನೀಲವ್ವನ ಹೆಸರು ಹೇಳುವ ಅವಕಾಶ ಕಳೆದೇ ಹೋಯಿತು ಎಂದುಕೊಂಡರು ಚನ್ನಮ್ಮ. ಕರಿನ್ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದಳು, ಅಚ್ಚುಕಟ್ಟಾಗಿ. ಹೆಸರು ಹೇಳಲು ಉಸಿರೆಳೆದುಕೊಂಡಳು.

ಆಗ ಹಿಂದಿನಿಂದ ಗುದ್ದು ಬಿತ್ತು. ಮೊದಲು ರೇಣುಕಾದೇವಿಯದು, ಆಮೇಲೆ ಉಳಿದವರದು, ಧಬ ಧಬ ಎಂದು, ನಗುನಗುತ್ತ, ಬೆನ್ನಿನ ತುಂಬ.

ಕರಿನ್ ಸೆಟೆದು ನಿಂತಳು. ಮುಖ ಬಿಳಿಚಿತ್ತು. ಕೂಸು ಕಿರುಚಿತು. "ಸಾರಿ, ಐ ಆ್ಯಮ್ ಸಾರಿ," ಎಂದವಳೇ ಡೆಕ್ಕಿನ ಬಾಗಿಲು ಸರಿಸಿ ಹೊರಗೆ ಹೋಗಿಬಿಟ್ಟಳು.

ಎತ್ತಿದ ಕೈಗಳೆಲ್ಲ ಕೆಳಗಿಳಿದವು.

"ಅಯ್ಯ ಶಿವನೇ, ನಾ ಮೆತ್ತಗ ಗುದ್ದೀನ್ರೀ!" ಎಂದರು ರೇಣುಕಾದೇವಿ ತಮ್ಮ ಕೈ ನೋಡಿಕೊಳ್ಳುತ್ತ.

ಸ್ಮಿತಾ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಗುದ್ದೋದನ್ನ ಹೇಳಿರಲಿಲ್ವಾ? ಡೈಲಿ ಒಂದು ಅವರ್ ಮಾತಾಡ್ತಿದ್ರಲ್ಲ!"

"ಅದನ್ನೇನ್ ಹೇಳೂದು? ಸ್ವಾದರತ್ತಿ ಅಂದಮ್ಯಾಲ ಗುದ್ದು ಇರೂದ. ನೀ ಹೇಳ್ಲಿಲ್ಲೇನು?"

"ನೀನು ಹೇಳಿರ್ತೀಯ ಅಂದ್ಕೊಂಡೆ!"

ಎಮ್ರಿಸ್ ಅಳುವ ಕೂಸಿನ ತೊಟ್ಟಿಲು ತೂಗತೊಡಗಿದ. ಅವನಿಗೂ ಗೊತ್ತಿರಲಿಲ್ಲ. ಮೂರು ಭಾಷೆಯ ಕುರ್ಚಿ, ಮೇಜು, ಬೆಕ್ಕು, ಕಿಟಕಿ ಎಲ್ಲದರ ಜಾತಕ ಬಿಡಿಸಿದ ಚನ್ನಮ್ಮ, ಉಸಿರಾಟವನ್ನು ಯಾರೂ ಕಲಿಸಿಕೊಡದ ಹಾಗೆ, ಈ ಗುದ್ದನ್ನು ಹೇಳಿಯೇ ಇರಲಿಲ್ಲ.

ಅವರು ಡೆಕ್ಕಿಗೆ ಹೋದರು. ಕರಿನ್ ಮೆಟ್ಟಿಲ ಮೇಲೆ ಕುಳಿತಿದ್ದಳು, ಇಳಕಲ್ ಸೀರೆಗೆಲ್ಲ ಹಳದಿ ಧೂಳು. ಚನ್ನಮ್ಮ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತರು.

"ನೋವಾತೇನವ್ವಾ?"

"ಇಲ್ಲ. ನಾನೇನು ತಪ್ಪು ಮಾಡಿದೆ? ಹೇಳ್ಬೇಕಾದ್ದು ಆ ಕಿವಿಗೆ ಅಲ್ವಾ?"

"ಕಿವಿ ಬರೋಬ್ಬರಿ ಇತ್ತು. ಅದು ಮಾನದ ಗುದ್ದು. ಹೆಸರಿಡೂ ಹಕ್ಕು ನಿಂದು, ಆ ಹೊಟ್ಟೆಕಿಚ್ಚಿಗೆ ನಾಕ ಮಂದಿ ಗುದ್ದತಾರ. ನಮ್ಮಣ್ಣನ ಮಗನ ತೊಟ್ಟಿಲದಾಗ ನನಗ ಎಂಥಾ ಗುದ್ದು ಬಿದ್ದಿದ್ವು ಅಂದ್ರ, ಮಗ್ಗಲಾ ಹೊರಳಿ ಮಲಗಾಕ ಆಗಿರಲಿಲ್ಲ. ಅದನ್ನ ಇನ್ನೂ ಹೇಳ್ಕೊಂಡು ಮೆರಿತೀನಿ."

ಕರಿನ್ ನಕ್ಕಳು, ಆದರೆ ಪೂರ್ತಿ ಅಲ್ಲ. "ನನಗೆ ಅನ್ನಿಸ್ತು, ಬೇಡ ಅಂತ ಹೇಳ್ತಿದಾರೆ ಅಂತ. ನೀನು ಯಾರು ಹೆಸರಿಡೋಕೆ ಅಂತ." ಸೆರಗಿನ ಧೂಳು ಕೊಡವಿ ಮತ್ತೆ ಹೇಳಿದಳು. "ಎಮ್ರಿಸ್ ಹೇಳಿದ, ನಿಮ್ಮ ಮನಸ್ಸಲ್ಲಿ ಒಂದು ಹೆಸರಿದೆ ಅನ್ಸುತ್ತೆ ಅಂತ. ನೀವು ಒಂದಿನಾನೂ ಹೇಳ್ಲಿಲ್ಲ. ಈಗ ಹೇಳಿ. ನಾನು ಒಳಗೆ ಹೋಗಿ ಅದನ್ನೇ ಹೇಳ್ತೀನಿ. ನಿಜವಾಗ್ಲೂ."

ಎರಡು ತಿಂಗಳಿಂದ ಕಾದ ಬಾಗಿಲು ತಾನೇ ತೆರೆದಿತ್ತು. ನೀಲವ್ವ ನಾಲಿಗೆಯ ತುದಿಗೆ ಬಂದು ನಿಂತಳು. ಒಂದು ಉಸಿರು ಬಿಟ್ಟರೆ ಸಾಕಿತ್ತು.

ಚನ್ನಮ್ಮ ಬೇರೆಯದನ್ನೇ ಕೇಳಿದರು. "ನೀ ಯಾವ್ದು ಇಟ್ಕೊಂಡಿದ್ದಿ?"

"ಹೇಳೋ ಹಾಗಿಲ್ಲ. ಮೊದಲು ಮಗುವಿನ ಕಿವಿ ಕೇಳ್ಬೇಕು. ನೀವೇ ಕಲಿಸಿದ್ದು."

ಇದು ಸರಿಯಾದ ಪೆಟ್ಟು. ಚನ್ನಮ್ಮ ಈಕೆಯ ಮುಖ ನೋಡಿದರು. ಕುರ್ಚಿಗೊಂದು, ಮೇಜಿಗೊಂದು ಪದ ಕೊಟ್ಟವಳು, ಸತ್ತ ತಾಯಿಯ ಭಾಷೆಯನ್ನು ಒಂದೊಂದೇ ಕಾಳಾಗಿ ಹೆಕ್ಕಿ ಕೊಟ್ಟವಳು. ಅಷ್ಟೆಲ್ಲ ಪದಗಳ ನಡುವೆ ಕೂತು ಈ ಹೆಣ್ಣುಮಗಳು ಕೂಸಿಗಾಗಿ ಯಾವುದನ್ನು ಆರಿಸಿರಬಹುದು? ಎಲ್ಲಿಂದ ತಂದಿರಬಹುದು? ತಾವು ನೀಲವ್ವ ಎಂದುಬಿಟ್ಟರೆ ಅದು ಎಂದಿಗೂ ತಿಳಿಯುವುದಿಲ್ಲ. ಆ ಕುತೂಹಲ ಎದೆಯಲ್ಲಿ ಏರಿ ಏರಿ ಆಸೆಯನ್ನೇ ಪಕ್ಕಕ್ಕೆ ತಳ್ಳಿತು.

"ಏಳು," ಎಂದರು. "ನನ್ನ ಹಂತ್ಯಾಕ ಇರೂದು ನನ್ನ ಹಂತ್ಯಾಕ ಇರ್ಲಿ. ನೀ ನಿಂದ ಹೇಳು. ನನಗ ಕೇಳಬೇಕಾಗ್ಯಾದ."

ಕರಿನ್ ಒಳಗೆ ಬಂದು ಮತ್ತೆ ತೊಟ್ಟಿಲ ಮೇಲೆ ಬಗ್ಗಿದಳು. ಯಾರೂ ಕೈ ಎತ್ತಲಿಲ್ಲ, ಹೆದರಿದ್ದರು. ಅವಳೇ ತಿರುಗಿ ರೇಣುಕಾದೇವಿಗೆ ಹೇಳಿದಳು: "ಪ್ಲೀಸ್. ಗಟ್ಟಿಯಾಗಿ." ಆಗ ಬಿತ್ತು ನೋಡಿ ಗುದ್ದು! ಎಲ್ಲರಿಗಿಂತ ಜೋರಾಗಿ ಬಿದ್ದದ್ದು ಚನ್ನಮ್ಮನದೇ. ಅದರ ನಡುವೆ ಕರಿನ್ ಕೂಸಿನ ಕಿವಿಯಲ್ಲಿ ಪಿಸುಗುಟ್ಟಿ, ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಐರಾ."

"ಐರಾವತ ಇದ್ದಂಗ ಅದ," ಎಂದರು ರೇಣುಕಾದೇವಿ ತೃಪ್ತಿಯಿಂದ.

"ಎಲ್ಲೀದು? ಏನರ್ಥ?" ಚನ್ನಮ್ಮ ಆಗಲೇ ಕರಿನ್‌ಳ ಕೈ ಹಿಡಿದಿದ್ದರು.

"ಅಮ್ಮನ ಭಾಷೆ. ಹಿಮ ಅಂತ. ಇವಳು ಹುಟ್ಟಿದ ದಿನ ನಮ್ಮೂರಲ್ಲಿ ತುಂಬಾ ಬಿದ್ದಿತ್ತು. ಸ್ವೀಡಿಷ್‌ನಲ್ಲೂ ಈ ಹೆಸರಿನವರು ಇದಾರೆ, ಆದರೆ ಅದು ಬೇರೆ ಕಡೆಯಿಂದ ಬಂದ ಹೆಸರು." ಕರಿನ್ ತುಸು ನಾಚಿದಳು. "ನೀವು ಕಷ್ಟಪಡದೆ ಕರೆಯೋಕೆ ಆಗೋ ಹಾಗೆ ಇರ್ಲಿ ಅಂತ ಹುಡುಕಿದೆ. ಅದಕ್ಕೇ ದಿನಾ ಕಾಲ್‌ನಲ್ಲಿ ನಿಮ್ಮ ಬಾಯನ್ನ ನೋಡ್ತಿದ್ದೆ."

ಚನ್ನಮ್ಮ ತಮ್ಮ ತುಟಿಯನ್ನೇ ಮುಟ್ಟಿ ನೋಡಿಕೊಂಡರು. ಇತ್ತ ಇವರು ಮೆಲ್ಲಗೆ ಹೆಸರು ತೂರಿಸಲು ನೋಡುತ್ತಿದ್ದಾಗ, ಅತ್ತ ಅವಳು ಇವರ ಬಾಯಿಗೆ ಅಳತೆ ತೆಗೆಯುತ್ತಿದ್ದಳು. ಶಿವಶರಣಪ್ಪ ಹತ್ತಿರ ಬಂದು ಯಾರಿಗೂ ಕೇಳದಂತೆ "ನೀಲವ್ವ?" ಎಂದರು. ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಇರ್ಲಿ ಬಿಡ್ರಿ," ಎಂದು ಚನ್ನಮ್ಮ ತೊಟ್ಟಿಲ ಹಗ್ಗ ಹಿಡಿದರು. ಕೂಸು ಇನ್ನೂ ಬಿಕ್ಕುತ್ತಿತ್ತು. ಹೆಸರನ್ನು ಒಮ್ಮೆ ಬಾಯೊಳಗೇ ಹೊರಳಿಸಿ ನೋಡಿ, ಆಮೇಲೆ ದೊಡ್ಡ ಧ್ವನಿಯಲ್ಲಿ ಕರೆದರು.

"ಐರವ್ವಾ! ಯಾಕ ಅಳತಿ, ನನ್ನ ಐರವ್ವಾ?"

"ಅಮ್ಮಾ, ಒಂದೇ ಹೆಸರು ಅಂದಿದ್ವಿ."

"ಒಂದ ಅದ. ಕೂಸಿಗೆ ಅವ್ವಾ ಅನಬ್ಯಾಡ ಅಂದ್ರ ಹ್ಯಾಂಗ?"

"ಆ ಅವ್ವ ಅನ್ನೋದು ಏನು? ಎಲ್ಲಾ ಹೆಸರಿಗೂ ಹಾಕ್ತೀರಾ?" ಎಂದು ಕರಿನ್ ನೆಲದ ಮೇಲೆ ಕುಳಿತು ಕೇಳಿದಳು. ಚನ್ನಮ್ಮ ತೊಟ್ಟಿಲು ತೂಗುತ್ತ ಹೇಳಲು ಶುರುಮಾಡಿದರು. ಅವ್ವ ಅಂದರೆ ತಾಯಿ. ಅಜ್ಜಿಗೂ ಅವ್ವ, ಸೊಸೆಗೂ ಅವ್ವ, ದಾರಿಯಲ್ಲಿ ಹೋಗುವವಳಿಗೂ ಅವ್ವ, ಈಗ ಹುಟ್ಟಿದ ಕೂಸಿಗೂ ಅವ್ವ. ಅದು ಹೇಗೆ, ಯಾಕೆ ಎಂದು ಕರಿನ್ ಕೇಳುತ್ತ ಹೋದಳು. ಗುಗ್ಗರಿ ಆರುತ್ತಿದೆ ಎಂದು ರೇಣುಕಾದೇವಿ ಅಡುಗೆಮನೆಯಿಂದ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಐರವ್ವ ನಿದ್ದೆಹೋಗಿತ್ತು.